ಹೇಳದೆ ಬಿಟ್ಟದ್ದು

ಮೇಜಿನ ಖಾನೆ ಎಳೆದು ನೋಡಿದ. ಎಲ್ಲ ಇದ್ದಂತೆಯೇ ಇತ್ತು: ಅಳತೆಪಟ್ಟಿ, ಹಳೆಯ ಲೆನ್ಸುಗಳ ಡಬ್ಬಿ, ಒರೆಸುವ ಬಟ್ಟೆ, ಸಣ್ಣ ತಿರುಪುಗಳನ್ನು ಹಾಕಿಟ್ಟ ಗುಳಿಗೆ ಶೀಶೆ. ಇದ್ದಂತೆಯೇ ಇದ್ದದ್ದು ಅವನಿಗೆ ಹಿಡಿಸಲಿಲ್ಲ. ಯಾರಾದರೂ ಬಂದು ತಡಕಾಡಿದ್ದರೆ, ಅವರಿಗೆ ಬುದ್ಧಿಯಿದ್ದರೆ, ಹೀಗೇ ಇದ್ದಂತೆಯೇ ಇಟ್ಟು ಹೋಗುತ್ತಿದ್ದರು. ಬಟ್ಟೆಯ ಮಡಿಕೆ ಮಾತ್ರ ನಿನ್ನೆ ಎಡಕ್ಕಿತ್ತೋ ಬಲಕ್ಕಿತ್ತೋ ನೆನಪಾಗಲಿಲ್ಲ. ಆಚೆ ಗಾಜಿನ ಗೋಡೆಯ ಹಿಂದೆ ಆರು ಜನ ತಲೆ ತಗ್ಗಿಸಿ ಕೂತಿದ್ದರು. ಅರೆಯುವ ಯಂತ್ರಕ್ಕೆ ಸಣ್ಣಗೆ ಸುರಿಯುವ ನೀರಿನ ಸದ್ದು, ಪಾಲಿಶ್ ಮಾಡುವ ಕಡೆಯಿಂದ ಹಸಿ ಸುಣ್ಣದಂಥ ವಾಸನೆ. ಕಣ್ಣಿನ ಡಾಕ್ಟರುಗಳು ಬರೆದ ಚೀಟಿಗಳು ಕಟ್ಟಡದ ಮುಂದಿನ ಅಂಗಡಿಯಿಂದ ಬೆಳಿಗ್ಗೆ ಒಳಗೆ ಬರುತ್ತಿದ್ದವು, ಸಂಜೆಗೆ ಕನ್ನಡಕಗಳಾಗಿ ಹೊರಗೆ ಹೋಗುತ್ತಿದ್ದವು. ಇಪ್ಪತ್ತೇಳು ವರ್ಷ ಅವನು ಇದೇ ನೀರಿನ ಸದ್ದಿನಲ್ಲಿ ಕಳೆದಿದ್ದ. ಅದರಲ್ಲಿ ಹನ್ನೊಂದು ವರ್ಷ ಮ್ಯಾನೇಜರಾಗಿ, ಈ ಗಾಜಿನ ಗೋಡೆಯ ಈಚೆಗೆ. ಗಾಜಿನ ಗೋಡೆ ಹಾಕಿಸಿದ್ದು ತಾನು ಅವರನ್ನು ನೋಡಲಿ ಎಂದೋ, ಅವರು ತನ್ನನ್ನು ನೋಡಲಿ ಎಂದೋ ಎಂಬುದು ಮಾತ್ರ ಈ ತಿಂಗಳಷ್ಟೇ ಅವನಿಗೆ ಹೊಳೆದ ಪ್ರಶ್ನೆ.

ಈ ತಿಂಗಳು ಅಂದರೆ ಆ ಸಭೆಯಾದ ಮೇಲೆ. ಮೇಲಿನ ಮಹಡಿಯ ಮುಖ್ಯಸ್ಥೆ ಅವನಿಗಿಂತ ಹದಿನೈದು ವರ್ಷ ಚಿಕ್ಕವಳು, ಬಂದು ಒಂದು ವರ್ಷ ತುಂಬಿರಲಿಲ್ಲ. ಎಲ್ಲ ವಿಭಾಗದ ಮ್ಯಾನೇಜರುಗಳನ್ನೂ ಉದ್ದನೆಯ ಮೇಜಿನ ಸುತ್ತ ಕೂರಿಸಿ, ಪ್ರತಿಯೊಬ್ಬರ ಮುಂದೂ ಒಂದೊಂದು ಹಾಳೆ ಇಟ್ಟು, "ಇನ್ಮೇಲೆ ನೀವು ಬರೀ ಕೆಲಸ ಮಾಡಿಸೋ ಮ್ಯಾನೇಜರಲ್ಲ, ನಿಮ್ಮ ಜನಕ್ಕೆ ಮೆಂಟರ್ ಆಗ್ಬೇಕು. ನಿಮ್ಮ ಕೈಲಿರೋದು ಅವರ ಕೈಗೆ ಬರ್ಬೇಕು" ಎಂದಿದ್ದಳು. ನಿಮ್ಮ ಕೈಲಿರೋದು ಅವರ ಕೈಗೆ. ಉಳಿದವರು ತಲೆಯಾಡಿಸಿದರು. ಅವನಿಗೆ ಮಾತ್ರ ಆ ವಾಕ್ಯ ಮುಗಿದಿಲ್ಲ, ಅದಕ್ಕೊಂದು ಬಾಲ ಇದೆ ಅನ್ನಿಸಿತು. ಕೈಲಿರುವುದೆಲ್ಲ ಆಚೆ ಕೈಗೆ ಹೋದ ಮೇಲೆ ಈ ಕೈ ಎಲ್ಲಿಗೆ ಹೋಗಬೇಕು? ಹಾಳೆಯಲ್ಲಿ ಅವನ ವಿಭಾಗದ ಎದುರು ಕಲಿಯುವವರ ಜಾಗ ಖಾಲಿ ಇರಲಿಲ್ಲ; ಯಾರೆಂದು ಆಗಲೇ ತುಂಬಿಸಿಯಾಗಿತ್ತು. ಮೂರು ವರ್ಷದ ಹಿಂದೆ ಸೇರಿದ, ಮಾತುಮಾತಿಗೆ "ಯಾಕೆ ಸರ್?" ಎನ್ನುವುದರಿಂದ ಎಲ್ಲರ ಬಾಯಲ್ಲೂ ಯಾಕಮ್ಮ ಆಗಿಹೋದ ಹುಡುಗಿ.

"ಇವಳನ್ನ ನಾನು ಆರಿಸ್ಲಿಲ್ವಲ್ಲ ಮೇಡಂ" ಎಂದ.

"ನಾನೇ ಬರೆದೆ. ಚುರುಕಾಗಿದಾಳೆ. ಯಾಕೆ, ಬೇಡವಾ?"

"ಬೇಡ ಅಂತಲ್ಲ."

ಬೇಡ ಅಂತಲ್ಲ ಎಂದು ಹೇಳಿದ ತನ್ನ ದನಿ ಎಷ್ಟು ಮೆತ್ತಗಿತ್ತು ಎಂಬುದು ಮೆಟ್ಟಿಲಿಳಿಯುವಾಗ ಕಿವಿಗೆ ಬಡಿಯಿತು. ಬೇಡ ಎಂದೇ ಹೇಳಬಹುದಿತ್ತು. ಹೇಳಿದ್ದರೆ ಯಾಕೆ ಎಂದು ಕೇಳುತ್ತಿದ್ದಳು, ಎಲ್ಲರೂ ತಿರುಗಿ ನೋಡುತ್ತಿದ್ದರು.

ಪ್ರತಿ ಮಂಗಳವಾರ ಊಟದ ಹೊತ್ತಿನ ನಂತರ ಒಂದು ಗಂಟೆ. ಯಾಕಮ್ಮ ಬಂದು ಸ್ಟೂಲು ಎಳೆದುಕೊಂಡು ಕೂತು, ನೀಲಿ ರಟ್ಟಿನ ಒಂದು ಪುಸ್ತಕವನ್ನು ತೊಡೆಯ ಮೇಲೆ ತೆರೆದಳು. ಮೊದಲ ದಿನವೇ ಆ ಪುಸ್ತಕ ಅವನ ಕಣ್ಣಿಗೆ ಚುಚ್ಚಿತು. ಪರೀಕ್ಷೆಗೆ ಕೂತವಳಂತೆ ಬರೆದುಕೊಳ್ಳುವುದು ಯಾಕೆ? ಯಾರು ನೋಡುತ್ತಾರೆ ಅದನ್ನು? ಗೋಡೆಯ ಮೇಲೆ ಕಪ್ಪು ಬಣ್ಣದಲ್ಲಿ ಅಡ್ಡಕ್ಕೂ ಉದ್ದಕ್ಕೂ ಎಳೆದ ದೊಡ್ಡ ಕೂಡುಗೆರೆ ತೋರಿಸಿ, ಲೆನ್ಸನ್ನು ಕಣ್ಣಮುಂದೆ ಹಿಡಿದು ಅತ್ತಿತ್ತ ಆಡಿಸಲು ಹೇಳಿದ. ಗೆರೆ ಲೆನ್ಸಿನ ಜೊತೆಗೇ ಓಡಿದರೆ ಮೈನಸ್, ಎದುರು ಓಡಿದರೆ ಪ್ಲಸ್. ಯಂತ್ರ ಇಲ್ಲದೆ ಬರಿಗೈಯಲ್ಲಿ ಲೆನ್ಸಿನ ಜಾತಿ ಹಿಡಿಯುವ ಹಳೆಯ ವಿದ್ಯೆ. ಅವಳು ಹಿಡಿದಳು, ಆಡಿಸಿದಳು, ದಪ್ಪ ಲೆನ್ಸುಗಳನ್ನು ಪಟಪಟನೆ ಹೇಳಿದಳು. ತೀರಾ ತೆಳು ಶಕ್ತಿಯ ಒಂದನ್ನು ಕೊಟ್ಟಾಗ ನಿಂತಳು.

"ಇದರಲ್ಲಿ ಗೆರೆ ಓಡೋದೇ ಕಾಣಲ್ಲ ಸರ್. ಯಾಕೆ?"

"ಅಭ್ಯಾಸ ಆಗ್ಬೇಕು" ಎಂದ.

ಅಭ್ಯಾಸವಲ್ಲ. ಕೈಯನ್ನು ಪೂರ್ತಿ ಚಾಚಿ ದೂರ ಹಿಡಿದರೆ ಸಣ್ಣ ಓಟವೂ ದೊಡ್ಡದಾಗಿ ಕಾಣುತ್ತದೆ, ಅಷ್ಟೇ ಗುಟ್ಟು. ಎರಡು ಮಾತಿನ ಗುಟ್ಟು. ಅದು ನಾಲಿಗೆಯ ತುದಿಗೆ ಬಂದು ಕೂತಿತ್ತು, ಅವನು ಅದನ್ನು ಉಗುಳಿನ ಜೊತೆ ನುಂಗಿದ. ನುಂಗಿದ ಮೇಲೆ ಒಂಥರಾ ಹಿತವಾಯಿತು, ಕಿಸೆಯಲ್ಲಿ ಕೈಯಿಟ್ಟಾಗ ಬೀಗದಕೈ ತಾಗಿದಂತೆ. ಅವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ಸೇರಿದಾಗ ಇದ್ದ ಮೇಸ್ತ್ರಿಗೆ ಎಲ್ಲರೂ ಬೆನ್ನು ಎಂದೇ ಹೆಸರಿಟ್ಟಿದ್ದರು. ಮುಖ್ಯವಾದದ್ದೇನಾದರೂ ಮಾಡಬೇಕಾದಾಗ ಆತ ಬೆನ್ನು ತಿರುಗಿಸಿಬಿಡುತ್ತಿದ್ದ. ಅಗಲವಾದ, ಬೆವರಿನ ನಕ್ಷೆ ಮೂಡಿದ ಆ ಬೆನ್ನಿನ ಆಚೆಗೆ ಏನೋ ನಡೆದು ಮುಗಿದಿರುತ್ತಿತ್ತು. "ಲೋ, ನೀರು ತಗೊಂಬಾ" ಎನ್ನುತ್ತಿದ್ದ, ನೀರು ತರುವಷ್ಟರಲ್ಲಿ ಲೆನ್ಸು ಸಿದ್ಧ. ಎದುರಿನ ಕಿಟಕಿಯ ಗಾಜಿನಲ್ಲಿ ಮೇಸ್ತ್ರಿಯ ಕೈಗಳ ಬಿಂಬ ಬೀಳುತ್ತದೆಂದು ಕಂಡುಕೊಳ್ಳಲು ಅವನಿಗೆ ಎಂಟು ತಿಂಗಳು ಬೇಕಾಯಿತು. ಆಮೇಲೆ ಐದು ವರ್ಷ ಕಿಟಕಿಯನ್ನೇ ನೋಡಿ ಕಲಿತ. ಕದ್ದು ಕಲಿತ. ಒಂದು ದಿನ ಆಗಿನ ಮಾಲೀಕರು ಬಂದು, ಮೇಸ್ತ್ರಿ ಇಲ್ಲದ ಹೊತ್ತಿನಲ್ಲಿ, "ಇದೆಲ್ಲ ನಿಂಗೂ ಬರುತ್ತೇನಯ್ಯಾ?" ಎಂದು ಕೇಳಿದಾಗ "ಬರುತ್ತೆ" ಎಂದಿದ್ದ. ಒಂದೇ ಮಾತು. ಮುಂದಿನ ತಿಂಗಳು ಮೇಸ್ತ್ರಿ ಇರಲಿಲ್ಲ. ತನ್ನ ತಿಂಡಿ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ್ದ. ಆವತ್ತೇ ಮೊದಲ ಸಲ ಆತನ ಮುಖವನ್ನು ಸರಿಯಾಗಿ ನೋಡಿದ ಹಾಗಿತ್ತು.

"ಗಂಟೆ ಆಯ್ತು ಸರ್" ಎಂದಳು ಯಾಕಮ್ಮ, ಏನೋ ಬರೆದು ಪುಸ್ತಕ ಮುಚ್ಚುತ್ತ. ಏನು ಬರೆದಳು? ಅಭ್ಯಾಸ ಆಗಬೇಕು ಎಂಬ ಎರಡು ಮಾತಿಗೆ ಅಷ್ಟು ಹೊತ್ತು ಬರೆಯಬೇಕೆ?

ಮನೆಯಲ್ಲಿ ಹೆಂಡತಿ ಶಾಲೆ ಮಕ್ಕಳ ಬರವಣಿಗೆ ತಿದ್ದುತ್ತ ಕೂತಿದ್ದಳು. ಶಾಲೆಯಲ್ಲಿ ಮೊದಲನೇ ತರಗತಿ ಬಿಟ್ಟು ಬೇರೆ ಯಾವುದನ್ನೂ ಅವಳು ಕೇಳಿ ಪಡೆದವಳಲ್ಲ. ಅವನು ನೀಲಿ ಪುಸ್ತಕದ ವಿಷಯ ಹೇಳಿದ. ಮೇಡಂ ತಾನಾಗಿಯೇ ಯಾಕಮ್ಮನನ್ನು ಆರಿಸಿದ್ದು, ನಾಲ್ಕು ವರ್ಷದ ಸೇವೆ ತನಗಿನ್ನೂ ಉಳಿದಿರುವುದು, ಅದು ಯಾರಿಗೋ ಭಾರವಾಗಿರಬಹುದಾದದ್ದು, ಎಲ್ಲವನ್ನೂ ಒಂದಕ್ಕೊಂದು ಹೊಲಿದು ಹೇಳಿದ. ಅವಳು ಕೆಂಪು ಪೆನ್ನನ್ನು ಕೆಳಗಿಡದೆ ಕೇಳಿಸಿಕೊಂಡಳು.

"ಮೂವತ್ತು ವರ್ಷ ಅ ಆ ಇ ಈ ಹೇಳ್ಕೊಟ್ಟೆ ಕಣ್ರೀ. ನನ್ನ ಹತ್ರ ಒಂದಕ್ಷರಾನೂ ಕಮ್ಮಿ ಆಗಿಲ್ಲ."

"ನಿನ್ನ ಅಕ್ಷರ ಕಲಿತು ಯಾವ ಮಗೂನೂ ನಿನ್ನ ಕುರ್ಚಿ ಕೇಳಲ್ಲ."

"ಆ ಹುಡುಗಿ ಕೇಳಿದ್ಲಾ?"

"ಕೇಳೋರು ಕೇಳ್ಕೊಂಡು ಬರ್ತಾರಾ?"

"ತಾ ಕಳ್ಳ ಪರರ ನಂಬ" ಎಂದಳು ಅವಳು, ನಗುತ್ತಲೇ, ಯಾವುದೋ ಮಗುವಿನ ಡೊಂಕು ಅಕ್ಷರವನ್ನು ನೇರ ಮಾಡುತ್ತ. ಗಾದೆ ಬಾಯಿಗೆ ಬಂದದ್ದಕ್ಕೆ ಹೇಳಿದಳು, ಅಷ್ಟೇ. ಮೇಸ್ತ್ರಿಯ ಕತೆ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದು ನಿಜವೇ? ಎಂದಾದರೂ ನಿದ್ದೆಯಲ್ಲಿ ಬಡಬಡಿಸಿದ್ದೆನೇ? ಅವನು ಎದ್ದು ಹೋಗಿ ಮುಖ ತೊಳೆದ. ಕನ್ನಡಿಯಲ್ಲಿ ತನ್ನ ಭುಜಗಳು ಅಗಲವಾಗಿ ಕಂಡವು.

ಆರನೆಯ ಮಂಗಳವಾರದ ಹೊತ್ತಿಗೆ ಅವನಿಗೆ ಬಿಡುವುದು ಒಂದು ಕಲೆಯಾಗಿ ಸಿದ್ಧಿಸಿತ್ತು. ಸುಳ್ಳು ಹೇಳುತ್ತಿರಲಿಲ್ಲ, ಹತ್ತರಲ್ಲಿ ಒಂಬತ್ತು ಹೇಳುತ್ತಿದ್ದ. ಪಾಲಿಶ್ ಎಷ್ಟು ನಿಮಿಷ ಎಂದು ಹೇಳಿದ, ಆದರೆ ಮುಗಿಯುತ್ತ ಬಂದಾಗ ಯಂತ್ರದ ದನಿ ತೆಳುವಾಗುತ್ತದೆಂದು ಹೇಳಲಿಲ್ಲ. ತಾನು ಮಾತ್ರ ಗಡಿಯಾರ ನೋಡದೆ ಕೈ ಚಾಚಿ ಯಂತ್ರ ನಿಲ್ಲಿಸಿದಾಗ ಅವಳ ಕಣ್ಣು ತನ್ನ ಮುಖದ ಮೇಲಿರುವುದು ಚರ್ಮಕ್ಕೆ ತಿಳಿಯುತ್ತಿತ್ತು. ಅವಳ ಕೈ ಒಳ್ಳೆಯದು, ಅದನ್ನು ಒಪ್ಪಬೇಕು. ಲೆನ್ಸನ್ನು ಅಂಚಿನಲ್ಲೇ ಹಿಡಿಯುತ್ತಾಳೆ, ಮೈಗೆ ಬೆರಳು ತಾಗಿಸುವುದಿಲ್ಲ, ಫ್ರೇಮಿಗೆ ಕೂರಿಸುವಾಗ ಉಸಿರು ಬಿಗಿಹಿಡಿಯುತ್ತಾಳೆ. ಅವಳ ಕೈ ಒಳ್ಳೆಯದೆಂಬುದೇ ಅವನಿಗೆ ತೊಡಕಾಗಿತ್ತು. ಕೆಟ್ಟ ಕೈಯವರಿಗೆ ಎಲ್ಲವನ್ನೂ ಹೇಳಿಕೊಡಬಹುದು, ಭಯವಿಲ್ಲ.

ಆ ಗುರುವಾರ ಮೇಲಿನ ಮಹಡಿಗೆ ಒಂದು ಸಹಿ ಹಾಕಿಸಲು ಹೋದವನು ಮೊಗಸಾಲೆಯ ತಿರುವಿನಲ್ಲಿ ನಿಂತ. ಮುಖ್ಯಸ್ಥೆಯೂ ಯಾಕಮ್ಮನೂ ಕಿಟಕಿಯ ಹತ್ತಿರ ಮಾತಾಡುತ್ತಿದ್ದರು. ನೀಲಿ ಪುಸ್ತಕ ತೆರೆದಿತ್ತು, ಮುಖ್ಯಸ್ಥೆಯ ಬೆರಳು ಅದರ ಮೇಲಿತ್ತು. ಇಬ್ಬರೂ ನಕ್ಕರು. ಮೇಡಂ ಏನೋ ಕೇಳಿದಳು, ಇವಳು ತಲೆಯಾಡಿಸಿ "ಬರುತ್ತೆ ಮೇಡಂ" ಎಂದಳು. ಅವನು ಸ್ಪಷ್ಟವಾಗಿ ಕೇಳಿಸಿಕೊಂಡ. ಬರುತ್ತೆ. ಸಹಿಯಾಗದ ಕಾಗದ ಹಿಡಿದುಕೊಂಡೇ ಕೆಳಗಿಳಿದ. ಮೆಟ್ಟಿಲುಗಳು ಮುಗಿಯುವುದೇ ಇಲ್ಲ ಅನ್ನಿಸಿತು. ಕೆಳಗೆ ಒಬ್ಬ ಕೆಲಸಗಾರ "ಸರ್, ಹುಷಾರಿಲ್ವಾ?" ಎಂದ. ಹುಷಾರಾಗೇ ಇದೀನಿ ಎಂದು ಗದರಿದ. ಕೆಲಸಗಾರ ಪೆಚ್ಚಾಗಿ ಲೆನ್ಸು ಒರೆಸತೊಡಗಿದ.

ಮಾರನೆಯ ದಿನ ಬೆಳಿಗ್ಗೆ ಬಂದ ಚೀಟಿಗಳಲ್ಲಿ ಹಿರಿಯ ಡಾಕ್ಟರದ್ದೊಂದಿತ್ತು. ಆ ಡಾಕ್ಟರಿಗೆ ಎಂಬತ್ತು ದಾಟಿತ್ತು. ಅಚ್ಚು ಹಾಕಿದ ಫಾರಂ ಬಳಸುವುದಿಲ್ಲ, ಬಿಳಿ ಚೀಟಿಯ ಮೇಲೆ ಎರಡು ಸಾಲು ಅಂಕಿ ಬರೆದು ಕಳಿಸುತ್ತಾರೆ. ಬಲ ಎಡ ಎಂದು ನಮೂದಿಸುವ ಪದ್ಧತಿಯೂ ಇಲ್ಲ. ಲೋಕವೆಲ್ಲ ಬಲಗಣ್ಣನ್ನು ಮೊದಲು ಬರೆದರೆ ಅವರು ಎಡಗಣ್ಣನ್ನು ಮೊದಲು ಬರೆಯುತ್ತಾರೆ. ಯಾವ ಕಾಲದ ರೂಢಿಯೋ, ಯಾರೂ ತಿದ್ದಲಿಲ್ಲ. ತಿಂಗಳಿಗೆ ಒಂದೋ ಎರಡೋ ಚೀಟಿ, ಅವು ನೇರ ಅವನ ಮೇಜಿಗೇ ಬರುತ್ತಿದ್ದವು, ಅವನು ಅಂಕಿಗಳನ್ನು ಅದಲುಬದಲು ಮಾಡಿ ಬೇರೆ ಕಾಗದದಲ್ಲಿ ಬರೆದು ಒಳಗೆ ಕೊಡುತ್ತಿದ್ದ. ಈ ಸಂಗತಿ ಗೊತ್ತಿದ್ದದ್ದು ಇಡೀ ಕಟ್ಟಡದಲ್ಲಿ ಅವನೊಬ್ಬನಿಗೇ. ಚೀಟಿಯನ್ನು ಬೆಳಕಿಗೆ ಹಿಡಿದ. ಒಂದು ಕಣ್ಣು ಹೆಚ್ಚುಕಡಿಮೆ ಸರಿಯಾಗಿತ್ತು, ಇನ್ನೊಂದು ತೀರಾ ದುರ್ಬಲ. ಪೆನ್ನು ತೆಗೆದ. ಬರುತ್ತೆ ಮೇಡಂ. ಪೆನ್ನನ್ನು ಮುಚ್ಚಿ, ಚೀಟಿಯನ್ನು ಹಾಗೇ ಒಯ್ದು ಯಾಕಮ್ಮನ ತಟ್ಟೆಯಲ್ಲಿಟ್ಟ. ಇಡುವಾಗ ತಾನು ಅರೆಗಳಿಗೆಯೂ ತಡೆಯಲಿಲ್ಲ ಎಂಬುದು ಆಮೇಲೆ ಅವನಿಗೆ ತುಂಬ ದಿನ ನೆನಪಿನಲ್ಲಿ ಉಳಿಯಿತು.

ಒಂದು ಗಂಟೆಯ ನಂತರ ಅವಳು ಬಾಗಿಲಲ್ಲಿ ನಿಂತಳು.

"ಸರ್, ಈ ಚೀಟೀಲಿ ಬಲ ಎಡ ಅಂತ ಬರೆದಿಲ್ಲ. ಯಾವುದು ಮೊದಲು?"

ಇಲ್ಲಿಗೆ ಮುಗಿಸಬಹುದಿತ್ತು. ಅವಳು ಕೇಳಿಬಿಟ್ಟಿದ್ದಳು, ಅದೂ ಸರಿಯಾದ ಪ್ರಶ್ನೆಯನ್ನೇ. ಅವನು ಕಂಪ್ಯೂಟರಿನ ಪರದೆಯಿಂದ ಕಣ್ಣು ತೆಗೆಯದೆ, "ಎಲ್ಲರೂ ಹೇಗೆ ಬರೀತಾರೋ ಹಾಗೆ" ಎಂದ.

"ಸರಿ ಸರ್" ಎಂದಳು. ಆದರೆ ತಕ್ಷಣ ಹೋಗಲಿಲ್ಲ. ಎಣಿಸಿದರೆ ಮೂರು ಉಸಿರಿನಷ್ಟು ಹೊತ್ತು ನಿಂತಿದ್ದು ಹೋದಳು.

ಸಂಜೆಯವರೆಗೂ ಅವನು ಗಾಜಿನ ಗೋಡೆಯಾಚೆ ಅವಳನ್ನು ನೋಡುತ್ತಲೇ ಇದ್ದ. ಲೆನ್ಸು ಇನ್ನೂ ಅರೆದಿಲ್ಲ, ಈಗಲೂ ಹೇಳಬಹುದು. ಅರೆದಾಯಿತು, ಆದರೆ ಫ್ರೇಮಿಗೆ ಕೂರಿಸಿಲ್ಲ, ಈಗಲೂ ಹೇಳಬಹುದು. ಅಳತೆಯ ಯಂತ್ರದಲ್ಲಿ ಇಟ್ಟು ನೋಡಿದಳು. ಚೀಟಿಯಲ್ಲಿದ್ದಂತೆಯೇ ಬಂದಿರುತ್ತದೆ, ಯಂತ್ರಕ್ಕೇನು ಗೊತ್ತು. ಹೇಳಿದರೆ ಬೆಳಿಗ್ಗೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಪ್ರತಿ ಗಂಟೆಯೂ ಆ ಪ್ರಶ್ನೆಯನ್ನು ಇನ್ನಷ್ಟು ದಪ್ಪ ಮಾಡುತ್ತಿತ್ತು. ತಪ್ಪು ಕನ್ನಡಕ ಏನು ಮಾಡೀತು, ಹಾಕಿಕೊಂಡವರು ನಾಳೆಯೇ ವಾಪಸು ತರುತ್ತಾರೆ, ಬದಲಿಸಿ ಕೊಟ್ಟರಾಯಿತು, ಮೇಡಂ ಕಿವಿಗೆ ಒಂದು ಮಾತು ಬೀಳುತ್ತದೆ, ಇವಳಿಗೆ ಎಲ್ಲವೂ ಬರುವುದಿಲ್ಲ ಎಂದು ಗೊತ್ತಾಗುತ್ತದೆ. ಹೀಗೆ ತನಗೆ ತಾನೇ ಹೇಳಿಕೊಂಡು ಆರು ಗಂಟೆಗೆ ಕೋಟು ಹಾಕಿಕೊಂಡ. ಕನ್ನಡಕ ಆಗಲೇ ಮುಂದಿನ ಅಂಗಡಿಗೆ ಹೋಗಿತ್ತು.

ನಾಳೆ ಯಾರೂ ಬರಲಿಲ್ಲ. ನಾಳಿದ್ದೂ ಬರಲಿಲ್ಲ. ಮಂಗಳವಾರ ಯಾಕಮ್ಮ ಬಂದು ಕೂತಳು, ಅವನು ಒಂಬತ್ತು ಹೇಳಿ ಒಂದು ಬಿಟ್ಟ, ಅವಳು ಬರೆದುಕೊಂಡಳು. ಬಂದದ್ದು ಎಂಟು ದಿನದ ಮೇಲೆ.

ಅಂಗಡಿಯಿಂದ ಕರೆ ಬಂತೆಂದು ಹೋದಾಗ, ಗಿರಾಕಿಗಳ ಬೆಂಚಿನ ಮೇಲೆ ಐವತ್ತೈದರ ಸುಮಾರಿನ ಹೆಂಗಸೊಬ್ಬಳು ಕೂತಿದ್ದಳು. ಬಲಗೈ ಮೊಣಕೈವರೆಗೂ ಬಿಳಿ ಪಟ್ಟಿಯಲ್ಲಿತ್ತು. ಪಕ್ಕದಲ್ಲಿ ನಿಂತ ಮಗಳು ಕನ್ನಡಕವನ್ನು ಕೌಂಟರಿನ ಮೇಲೆ ಇಟ್ಟಿದ್ದಳು, ಮುಟ್ಟಲು ಇಷ್ಟವಿಲ್ಲದ ಹಾಗೆ, ದೂರದಲ್ಲಿ.

"ಅಮ್ಮ ಬಟ್ಟೆ ಹೊಲಿಯೋರು" ಎಂದಳು ಮಗಳು. "ಹಾಕ್ಕೊಂಡ ದಿನಾನೇ ತಲೆ ತಿರುಗುತ್ತೆ ಅಂದ್ರು. ನಿಮ್ಮ ಅಂಗಡಿಗೆ ಫೋನ್ ಮಾಡಿದ್ರೆ, ಹೊಸದು, ನಾಲ್ಕು ದಿನ ಹಾಕ್ಕೊಳ್ಳಿ ರೂಢಿ ಆಗುತ್ತೆ ಅಂದ್ರಿ. ರೂಢಿ ಮಾಡ್ಕೊಳಕ್ಕೆ ಹೋಗಿ ಮೆಟ್ಟಿಲು ತಪ್ಪಿ ಬಿದ್ರು. ಮಣಿಕಟ್ಟು ಮುರಿದಿದೆ. ಕಣ್ಣಿನ ಡಾಕ್ಟರಿಗೆ ತೋರಿಸಿದ್ರೆ, ಕನ್ನಡಕದಲ್ಲಿ ಎಡಬಲ ಅದಲುಬದಲಾಗಿದೆ ಅಂದ್ರು."

"ಬಯ್ಯಬೇಡ ಕಣೇ, ಅವರೇನು ಮಾಡ್ತಾರೆ" ಎಂದಳು ಹೆಂಗಸು. ಆಮೇಲೆ ಅವನ ಕಡೆ ತಿರುಗಿ, ಯಾವುದೋ ನಾಚಿಕೆಯ ಸಂಗತಿ ಒಪ್ಪಿಕೊಳ್ಳುವವಳಂತೆ ದನಿ ತಗ್ಗಿಸಿದಳು: "ನನ್ನ ಕಣ್ಣೇ ಹೋಯ್ತು ಅಂದ್ಕೊಂಡೆ ಸ್ವಾಮಿ. ಸೂಜಿಗೆ ದಾರ ಪೋಣಿಸಕ್ಕೆ ಹೋದ್ರೆ ಎರಡೆರಡು ಸೂಜಿ. ಮಗಳಿಗೆ ಹೇಳಿದ್ರೆ ಹೆದರ್ತಾಳೆ ಅಂತ ಬಚ್ಚಲಲ್ಲಿ ನಿಂತು ಅತ್ತೆ. ಕಣ್ಣಲ್ಲ, ಕನ್ನಡಕ ಅಂತ ಈಗ ಗೊತ್ತಾಗಿ ಜೀವ ಬಂದ ಹಾಗಾಯ್ತು."

ಅವಳು ಅವನಿಗೆ ಕೃತಜ್ಞಳಾಗಿದ್ದಳು. ಅದು ಅವಳ ಮುಖದ ಮೇಲೆ ಬರೆದಿತ್ತು. ಅವನು ಕನ್ನಡಕ ಎತ್ತಿಕೊಂಡು, ಬೇರೆ ಮಾಡಿ ಕೊಡ್ತೀವಿ ಎಂದೇನೋ ತೊದಲಿ ಒಳಗೆ ಬಂದ. ಅಂಗೈಯಲ್ಲಿ ಫ್ರೇಮು ಒದ್ದೆಯಾಗಿತ್ತು. ಅಂಕಿಗಳನ್ನು ನೋಡುವ ಅಗತ್ಯವಿರಲಿಲ್ಲ. ಆದರೂ ಕೂಡುಗೆರೆಯ ಮುಂದೆ ಹಿಡಿದು ಆಡಿಸಿದ. ಗೆರೆ ಓಡಿತು, ತಪ್ಪು ಕಣ್ಣಿನ ಕಡೆ, ಅವನು ಓಡಿಸಿದ ಹಾಗೆಯೇ. ಯಾಕಮ್ಮನ ಜಾಗ ಖಾಲಿ ಇತ್ತು. ಮೇಡಂ ಕರೆಸಿಕೊಂಡಿದಾರೆ, ಈ ಕನ್ನಡಕದ ವಿಚಾರಕ್ಕೇ ಅಂತೆ, ಎಂದ ಪಕ್ಕದವನು. ಅವಳ ಮೇಜಿನ ಮೇಲೆ ನೀಲಿ ಪುಸ್ತಕವಿತ್ತು. ಅವಸರದಲ್ಲಿ ಬಿಟ್ಟು ಹೋಗಿದ್ದಾಳೆ. ಅಥವಾ ಬೇಕೆಂದೇ ಬಿಟ್ಟಿದ್ದಾಳೆ. ಏನು ಹೇಳುತ್ತಿರಬಹುದು ಅಲ್ಲಿ? ಸರ್ ಹೇಳಿದ ಹಾಗೇ ಮಾಡಿದೆ ಎನ್ನುತ್ತಾಳೆ. ಎಲ್ಲ ಬರೆದಿಟ್ಟಿದೀನಿ ಎನ್ನುತ್ತಾಳೆ. ಅವನು ಲೆನ್ಸು ಹುಡುಕುವವನಂತೆ ಆ ಮೇಜಿಗೆ ಬಾಗಿ, ಐದು ಜನರಿಗೆ ಬೆನ್ನು ತಿರುಗಿಸಿ, ರಟ್ಟು ಎತ್ತಿದ.

ಗುಂಡಗಿನ ಅಕ್ಷರ. ಅವನು ಹೇಳಿದ್ದೆಲ್ಲ ಒಂದೂ ತಪ್ಪದೆ ಇತ್ತು, ಚಿತ್ರಗಳ ಸಮೇತ. ಅವನು ಚಾಡಿ ಹುಡುಕುತ್ತ ಹಾಳೆ ಮಗುಚಿದ. ಚಾಡಿ ಇರಲಿಲ್ಲ. ಅಲ್ಲಲ್ಲಿ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಸಣ್ಣ ಸಾಲುಗಳಿದ್ದವು. ತೆಳು ಲೆನ್ಸಿನ ಪಾಠದ ಪಕ್ಕ: 'ಇಲ್ಲಿ ಸರ್ ಏನೋ ಬಿಟ್ಟರು.' ಪಾಲಿಶ್ ಪಕ್ಕ: 'ಗಡಿಯಾರ ನೋಡದೆ ನಿಲ್ಲಿಸುತ್ತಾರೆ. ಹೇಗೆ? ಬಿಟ್ಟರು.' ಇನ್ನೊಂದು ಕಡೆ: 'ಬಿಟ್ಟರು. ಮುಂದಿನ ಸಲ ಬೇರೆ ಥರ ಕೇಳಬೇಕು.' ಎಲ್ಲೂ ಕೋಪವಿರಲಿಲ್ಲ, ದೂರಿರಲಿಲ್ಲ. ದಾರಿಯಲ್ಲಿರುವ ಗುಂಡಿಗಳನ್ನು ಗುರುತು ಹಾಕಿಕೊಂಡ ಹಾಗಿತ್ತು. ಅವನು ನುಂಗಿದ ಒಂದೊಂದು ಮಾತಿನ ಎದುರೂ ಗುರುತಿತ್ತು, ಒಂದೂ ತಪ್ಪಿರಲಿಲ್ಲ. ಆ ಶುಕ್ರವಾರದ ಪುಟದಲ್ಲಿ: 'ಹಿರಿಯ ಡಾಕ್ಟರ ಚೀಟಿ. ಬಲ ಎಡ ಯಾವುದು ಮೊದಲು ಎಂದು ಕೇಳಿದೆ. ಸರ್ ಚೀಟಿ ನೋಡದೆ ಹೇಳಿದರು.'

ಕಿವಿಯಲ್ಲಿ ನೀರಿನ ಸದ್ದು ನಿಂತುಹೋಯಿತು. ಚೀಟಿ ನೋಡದೆ ಹೇಳಿದರು. ಇದಕ್ಕಿಂತ ಬೈಗುಳವೇ ವಾಸಿಯಿತ್ತು. ಆರು ವಾರ ಅವನು ಅವಳ ಮೇಲೆ ಕಣ್ಣಿಟ್ಟಿದ್ದೇನೆ ಎಂದುಕೊಂಡಿದ್ದ. ಅವಳು ಆರು ವಾರ ಅವನನ್ನು ಓದಿದ್ದಳು. ಓದಿಯೂ ಪ್ರತಿ ಮಂಗಳವಾರ ಬಂದು ಸ್ಟೂಲು ಎಳೆದುಕೊಂಡು ಕೂತಿದ್ದಳು. ಯಾಕೆ? ಅವನು ರಟ್ಟು ಮುಚ್ಚಿ ತಿರುಗಿದಾಗ ಐವರೂ ಅವನನ್ನೇ ನೋಡುತ್ತಿದ್ದರು. ಅವನು ಅವರ ನಡುವೆ ನಡೆದುಕೊಂಡು ಹೋಗಿ ಮೆಟ್ಟಿಲು ಹತ್ತಿದ.

ಮುಖ್ಯಸ್ಥೆಯ ಕೋಣೆಯಲ್ಲಿ ಯಾಕಮ್ಮ ನಿಂತೇ ಇದ್ದಳು. ಕೈಗಳನ್ನು ಮುಂದೆ ಜೋಡಿಸಿಕೊಂಡಿದ್ದಳು, ಹೆಬ್ಬೆರಳಿನ ಉಗುರಿನಲ್ಲಿ ಪಾಲಿಶ್‌ನ ಬಿಳಿ ಉಳಿದಿತ್ತು. ಮೇಡಂ ಮುಖ ಕೆಂಪಾಗಿತ್ತು.

"ಒಳ್ಳೇದಾಯ್ತು ಬಂದ್ರಿ. ಕೇಳಿ ಕೇಳಿ ಸಾಕಾಯ್ತು. ತಪ್ಪು ಹೇಗಾಯ್ತು ಅಂದ್ರೆ, ನಾನೇ ಅದಲುಬದಲು ಮಾಡಿದೆ ಮೇಡಂ ಅಂತಾಳೆ. ಅಷ್ಟು ಬಿಟ್ರೆ ಬಾಯೇ ಬಿಡಲ್ಲ. ಒಬ್ಬರ ಕೈ ಮುರಿದಿದೆ, ಇವಳನ್ನ ಇಟ್ಕೊಳ್ಳಬೇಕೋ ಬೇಡವೋ ನಾನು ಯೋಚನೆ ಮಾಡ್ಬೇಕಾಗುತ್ತೆ."

ಅವಳು ಹೇಳಿರಲಿಲ್ಲ. ಅವನು ಯಾಕಮ್ಮನ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. ಒಂದು ಕ್ಷಣ, ನಾಚಿಕೆಗೇಡಿನ ಒಂದೇ ಒಂದು ಕ್ಷಣ, ಹಾಗೇ ಬಿಟ್ಟರಾಯಿತಲ್ಲ ಎಂಬ ಯೋಚನೆ ಬಂತು. ಅವಳೇ ಒಪ್ಪಿಕೊಂಡಿದ್ದಾಳೆ. ತಿಂಡಿ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ತಿರುಗಿ ನೋಡಿದ ಮುಖ.

"ಅವಳ ತಪ್ಪಲ್ಲ ಮೇಡಂ. ಆ ಡಾಕ್ಟರು ಎಡಗಣ್ಣು ಮೊದಲು ಬರೀತಾರೆ. ಅದು ನಂಗೊಬ್ಬನಿಗೇ ಗೊತ್ತು. ನಾನು ಹೇಳ್ಕೊಟ್ಟಿರ್ಲಿಲ್ಲ."

ಮುಖ್ಯಸ್ಥೆ ಕುರ್ಚಿಗೆ ಒರಗಿದಳು. ಮುಖದ ಬಿಗಿ ಸಡಿಲಿತು. "ನೋಡಿ, ಇದು. ತನ್ನ ಕೈಕೆಳಗಿನೋರ ತಪ್ಪನ್ನ ತನ್ನ ಮೇಲೆ ಹಾಕ್ಕೊಳ್ಳೋದು. ನಾನು ಹೇಳಿದ ಮೆಂಟರ್ ಅಂದ್ರೆ ಇದೇನೇ."

"ಹಾಗಲ್ಲ ಮೇಡಂ—"

"ನಿಮ್ಮ ಹತ್ರ ಸುಳ್ಳು ಹೇಳಲ್ಲ. ನಿಮ್ಮ ಮೇಲೆ ನಂಗೆ ಅನುಮಾನ ಇತ್ತು. ನಿಮ್ಮ ನಂತರ ಯಾರು ಅನ್ನೋ ಯೋಚನೆಯಿಂದಾನೇ ಇವಳನ್ನ ಹಾಕಿದ್ದು. ಇವಳನ್ನ ಕರೆದು ಪುಸ್ತಕ ನೋಡಿದ್ದೂ ಉಂಟು. ಇಷ್ಟು ಬರುತ್ತಾ ಅಂತ ಕೇಳಿದ್ದೂ ಉಂಟು. ಆದ್ರೆ ನೀವು ಈಗ ಆಡಿದ ಮಾತು..." ಅವಳು ಎದ್ದು ಬಂದು ಅವನ ಕೈ ಕುಲುಕಿದಳು.

ಹಾಗಾದರೆ ಅವನ ಅನುಮಾನ ನಿಜವಾಗಿತ್ತು. ಇಷ್ಟು ದಿನ ಕಾದಿದ್ದ ಆ ಮಾತು ಕಿವಿಗೆ ಬಿದ್ದಾಗ ಅದರಿಂದ ಯಾವ ಬಲವೂ ಬರಲಿಲ್ಲ. ಗೆದ್ದ ಮೇಲೆ ಕೊಂಡೊಯ್ಯಲು ಜಾಗವಿಲ್ಲದ ಸರಕಿನಂತೆ ಅಲ್ಲೇ ಬಿದ್ದಿತ್ತು. "ಬೇಕಂತಲೇ" ಎಂದು ಅವನು ಶುರುಮಾಡಿದ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು, ಮುಖ್ಯಸ್ಥೆ ಒಂದು ಕೈಯಲ್ಲಿ ಅದನ್ನೆತ್ತಿ ಇನ್ನೊಂದು ಕೈಯಲ್ಲಿ ಇಬ್ಬರಿಗೂ ಹೊರಡಿ ಎಂದು ಸನ್ನೆ ಮಾಡಿದಳು. ಅವನು ನಿಲ್ಲಬಹುದಿತ್ತು. ಹೊರಟ.

ಮೆಟ್ಟಿಲ ಮೇಲೆ ಅವಳು ಎರಡು ಹೆಜ್ಜೆ ಮುಂದಿದ್ದಳು. ನಡುವಿನ ತಿರುವಿನಲ್ಲಿ ಅವನು ಕಟಕಟೆ ಹಿಡಿದು ನಿಂತ.

"ಬೇಕಂತಲೇ ಹೇಳ್ಲಿಲ್ಲ ನಾನು."

ಅವಳು ತಿರುಗಿದಳು. "ಗೊತ್ತು ಸರ್."

"ಮತ್ತೆ ಮೇಡಂಗೆ ಯಾಕೆ ಹೇಳ್ಲಿಲ್ಲ?"

ಇದಕ್ಕೆ ಅವಳು ಏನು ಹೇಳಿದರೂ ನಂಬಬಾರದು ಎಂದು ಮನಸ್ಸು ಮೊದಲೇ ಬಾಗಿಲು ಹಾಕಿಕೊಂಡಿತು. ಗೌರವ ಎನ್ನುತ್ತಾಳೆ, ನೀವು ಹಿರಿಯರು ಎನ್ನುತ್ತಾಳೆ, ಮೂಗಿಗೆ ತುಪ್ಪ ಸವರುತ್ತಾಳೆ.

"ಹೇಳಿದ್ರೆ ನಿಮ್ಮನ್ನ ಕಳಿಸಿಬಿಡ್ತಿದ್ರು" ಎಂದಳು. "ಆಮೇಲೆ ನಂಗೆ ಕಲಿಸೋರ್ಯಾರು? ಇನ್ನೂ ಅರ್ಧಾನೂ ಬಂದಿಲ್ಲ."

ಅವನು ಕಟಕಟೆಯ ಹಿಡಿತ ಸಡಿಲಿಸಿದ. ಅವಳಿಗೂ ಒಂದು ಸ್ವಾರ್ಥವಿತ್ತು, ಕೈಯಲ್ಲಿ ಹಿಡಿಯಬಹುದಾದಷ್ಟು ಸ್ಪಷ್ಟವಾದ ಸ್ವಾರ್ಥ. ಒಳ್ಳೆಯತನವಾಗಿದ್ದರೆ ಅವನಿಗೆ ಅದರ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಆದರೆ ಅವಳ ಮಾತು ಮುಗಿದಿರಲಿಲ್ಲ. ಕೆಳತುಟಿ ಅದುರುತ್ತಿತ್ತು, ಇಷ್ಟು ವಾರದಲ್ಲಿ ಅವನು ಎಂದೂ ಕಾಣದ ಸಿಟ್ಟು ಅವಳ ಮುಖಕ್ಕೆ ಬಂದಿತ್ತು.

"ನಂಗೆ ಮಾಡಿದ್ದು ಹಾಳಾಗ್ಲಿ ಸರ್. ಆ ಹೆಂಗಸು ಏನ್ ಮಾಡಿದ್ರು? ಆ ಲೆನ್ಸು ಕೂರಿಸಿದ್ದು ನನ್ನ ಕೈ. ರಾತ್ರಿ ಮಲಗಿದ್ರೆ ನನ್ನ ಕೈಯೇ ಕಣ್ಣಮುಂದೆ ಬರುತ್ತೆ ಇನ್ಮೇಲೆ. ಅವರಿಗೆ ಯಾರು ಹೇಳ್ತಾರೆ ಇದನ್ನ?"

"ನಾನೇ ಹೇಳ್ತೀನಿ. ಹೊಸ ಕನ್ನಡಕ ಮಾಡಿ, ಮನೆಗೇ ತಗೊಂಡು ಹೋಗಿ ಹೇಳ್ತೀನಿ."

"ನಾನೂ ಬರ್ತೀನಿ."

ಸಾಕ್ಷಿಗೆ ಬರುತ್ತಾಳೆ, ಪೂರ್ತಿ ಹೇಳುತ್ತೇನೋ ಇಲ್ಲವೋ ನೋಡಲು. ಹೌದು, ಅದಕ್ಕೇ. ಬರಲಿ. ಒಬ್ಬನೇ ಹೋದರೆ ಅಲ್ಲೂ ಹತ್ತರಲ್ಲಿ ಒಂಬತ್ತು ಹೇಳಿ ಬರುತ್ತೇನೆಂದು ಅವನಿಗೂ ಗೊತ್ತಿತ್ತು.

ಕೆಳಗೆ ಹೋಗಿ ಆ ಎರಡು ಲೆನ್ಸುಗಳನ್ನು ಇಬ್ಬರೂ ಸೇರಿ ಹೊಸದಾಗಿ ಅರೆದರು. ಮಂಗಳವಾರವಲ್ಲದಿದ್ದರೂ ಅವಳು ಸ್ಟೂಲು ಎಳೆದುಕೊಂಡಳು, ಅವನು ನಿಂತೇ ಇದ್ದ. ಉಳಿದ ಐವರು ತಮ್ಮ ಕೆಲಸದಲ್ಲಿ ಅತಿಯಾಗಿ ಮುಳುಗಿದವರಂತೆ ಕಂಡರು. ಅವರೂ ಕೇಳಿಸಿಕೊಳ್ಳುತ್ತಿದ್ದರು, ಅದು ಅವರ ಕತ್ತುಗಳಲ್ಲೇ ಕಾಣುತ್ತಿತ್ತು.

"ಇನ್ನೂ ಏನೇನು ಬಿಟ್ಟಿದೀರ ಸರ್?" ಎಂದಳು ಅವಳು, ಯಂತ್ರದಿಂದ ಕಣ್ಣು ತೆಗೆಯದೆ.

"ತುಂಬ ಇದೆ."

"ಹೇಳಿ."

ಅವನು ಮೊದಲನೆಯದು ಹೇಳಿದ: ತೆಳು ಲೆನ್ಸಿಗೆ ಕೈಯನ್ನು ಪೂರ್ತಿ ಚಾಚಬೇಕು. ಹೇಳಿದ ಕೂಡಲೇ ಎದೆಯಲ್ಲಿ ಏನೋ ಕಿತ್ತಂತಾಯಿತು, ಆದರೆ ಕಿತ್ತ ಜಾಗದಲ್ಲಿ ನೋವಿರಲಿಲ್ಲ, ತಂಪು ಗಾಳಿ ಆಡಿತು, ಅಷ್ಟೇ. ಎರಡನೆಯದು, ಯಂತ್ರದ ದನಿ. ಮೂರನೆಯದು ಫ್ರೇಮು ಬಿಸಿ ಮಾಡುವಾಗ ತುಟಿಯ ಹತ್ತಿರ ತಂದು ಶಾಖ ನೋಡಿಕೊಳ್ಳುವುದು. ಇಪ್ಪತ್ತು ವರ್ಷದಲ್ಲಿ ಯಾರ ಎದುರೂ ಅದನ್ನು ಅವನು ಬಾಯಿಬಿಟ್ಟು ಹೇಳಿರಲಿಲ್ಲ.

"ಇದು ಗೊತ್ತಿತ್ತು ಸರ್" ಎಂದಳು. "ನೀವೇ ಹೇಳಿದ್ರಿ, ನಾನು ಸೇರಿದ ಮೊದಲನೇ ವಾರ. ನನ್ನ ಕೈ ಸುಟ್ಟಿತ್ತು, ನೀವು ಬಂದು ಫ್ರೇಮು ಕಿತ್ಕೊಂಡು, ಹೀಗಲ್ಲ ಹೀಗೆ ಅಂತ ಬಯ್ತಾ ಬಯ್ತಾ ತೋರಿಸಿದ್ರಿ."

ಅವನಿಗೆ ನೆನಪಿರಲಿಲ್ಲ. ಸುಟ್ಟ ಕೈ ನೆನಪಿರಲಿಲ್ಲ, ಬೈದದ್ದು ನೆನಪಿರಲಿಲ್ಲ; ತಾನು ಅಂಥದ್ದನ್ನು ಸುಮ್ಮನೆ, ಯಾರೂ ಕೇಳದೆ, ಕೊಟ್ಟುಬಿಡುವ ಮನುಷ್ಯ ಎಂಬುದು ಎಂದೂ ನೆನಪಿರಲಿಲ್ಲ. ತನ್ನನ್ನು ಮೆತ್ತಗೆ ಮಾಡಲು ಕಟ್ಟಿ ಹೇಳುತ್ತಿದ್ದಾಳೆಯೇ ಎಂದು ಅವಳ ಮುಖವನ್ನು ದಿಟ್ಟಿಸಿ ನೋಡಿದ. ಅವಳು ಬಾಗಿ ಯಂತ್ರದ ದನಿ ಕೇಳುತ್ತಿದ್ದಳು. ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಮುಂದಿನದನ್ನು ಹೇಳಿದ.